ರತ್ನಾಳ ಕೋಣೆಗೆ ಹುಳದ ಮನೆಯ ಮಡಿ

ಹೋದ ಆಷಾಢದಲ್ಲಿ ಕೋಲಾರದ ನಮ್ಮ ಬೀದಿಯ ಚರಂಡಿ ತುಂಬಿ ಮೆಟ್ಟಿಲವರೆಗೂ ನೀರು ಬಂದಿತ್ತು. ಮಾರನೆಯ ದಿನ ನಗರಸಭೆಯವರು ಬಂದು ಕೆಸರು ಎತ್ತಿ, ಬೀದಿಯುದ್ದಕ್ಕೂ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಎರಚಿ ಹೋದರು. ಎದುರು ಮನೆಯಾಕೆ ಮೂಗಿಗೆ ಸೆರಗು ಹಿಡಿದು ಕಿಟಕಿ ಹಾಕಿಕೊಂಡಳು. ನಾನು ಪೊರಕೆ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಆ ಘಾಟು ಬಡಿದರೆ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಬರುತ್ತದೆ.

ಆಗ ನಾವಿದ್ದದ್ದು ಹುತ್ತೂರಿನಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿ. ಎರಡು ಸಾವಿರದ ಆರನೇ ಇಸವಿ ಇರಬೇಕು. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಮತ್ತೆ ನನ್ನ ಓರಗಿತ್ತಿ ರತ್ನ. ಯಜಮಾನರು ದಿನಾ ಬಸ್ಸು ಹಿಡಿದು ಕೋಲಾರಕ್ಕೆ ಹೋಗಿ ಒಂದು ಟೊಮೆಟೊ ಮಂಡಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದರು. ರತ್ನಾಳ ಗಂಡ, ಅಂದರೆ ನನ್ನ ಮೈದುನ, ಹಿಂದಿನ ವರ್ಷ ತೀರಿಕೊಂಡಿದ್ದ. ಬಿಟ್ಟು ಬಿಟ್ಟು ಜ್ವರ ಬಂತು, ಕೆಮ್ಮು ಬಂತು, ಆಳು ಕರಗಿ ಹೋದ. ಕ್ಷಯ ಅಂದರು, ನಾವೂ ಹಾಗೇ ಅಂದುಕೊಂಡೆವು. ಅವಳಿಗಿನ್ನೂ ಇಪ್ಪತ್ತಾರು, ಮಕ್ಕಳಿರಲಿಲ್ಲ.

ಮಕ್ಕಳಿಲ್ಲದ ಸೊಸೆ ಗಂಡ ಹೋದ ಮೇಲೆ ತವರಿಗೆ ಹೋಗುವುದು ನಮ್ಮ ಕಡೆ ವಾಡಿಕೆ. ರತ್ನಾಳ ತವರು ಶ್ರೀನಿವಾಸಪುರದ ಕಡೆ, ಮಾವಿನ ತೋಪಿನವರು. ಅಪ್ಪ ಅಮ್ಮ ಇರಲಿಲ್ಲ. ಅಣ್ಣಂದಿರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅನ್ನುತ್ತಲೇ ವರ್ಷ ಕಳೆದರು. ಅತ್ತೆ ಅವಳನ್ನು ಮನೆಯಲ್ಲೇ ಇಟ್ಟುಕೊಂಡರು. ಪ್ರೀತಿಗೆ ಇಟ್ಟುಕೊಂಡರು ಅಂತ ಹೇಳಿದರೆ ಸುಳ್ಳಾದೀತು. ಹುಳಕ್ಕೆ ಇಟ್ಟುಕೊಂಡರು.

ನಮ್ಮದು ರೇಷ್ಮೆಹುಳ ಸಾಕುವ ಮನೆ. ರತ್ನಾಳ ಕೈಗೆ ಹುಳ ಒಗ್ಗುತ್ತಿತ್ತು. ಚಾಕಿ ಹುಳ, ಅಂದರೆ ಆಗ ತಾನೇ ಮೊಟ್ಟೆಯೊಡೆದು ಎದ್ದ ಎಳೆ ಹುಳ, ಮನೆಗೆ ಬಂದ ದಿನದಿಂದ ಗೂಡು ಕಟ್ಟುವವರೆಗೆ ಅವಳು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಸೊಪ್ಪು ಹೆಚ್ಚುವುದು, ತಟ್ಟೆಯ ಕಸ ತೆಗೆಯುವುದು ಎಲ್ಲ ಅವಳದೇ. ನನ್ನದು ಅಡುಗೆ ಮನೆ, ದನ, ದೇವರ ದೀಪ. ಹುಳ ಸಾಕದವರಿಗೆ ಗೊತ್ತಿರುವುದಿಲ್ಲ, ಹುಳದ ಮನೆಯ ಮಡಿ ದೇವರ ಮನೆಯ ಮಡಿಗಿಂತ ಹೆಚ್ಚು. ಗೋಡೆಗೆ ಸುಣ್ಣ ಹೊಡೆಯಬೇಕು. ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಹೊರಗಿನ ಚಪ್ಪಲಿ ಕೂಡದು, ಹೊರಗಿನವರೂ ಕೂಡದು. ಮೈ ಸರಿಯಿಲ್ಲದವರು ಅತ್ತ ಮುಖ ಹಾಕಬಾರದು. ಒಮ್ಮೆ ಊರ ಪಂಚಾಯಿತಿ ಮೆಂಬರು ಇಣುಕಿ ನೋಡಿದ್ದಕ್ಕೆ ಅತ್ತೆ, ಓಟು ಹಾಕ್ತೀನಿ ಕಣಪ್ಪ, ಹುಳ ಮಾತ್ರ ತೋರಿಸಲ್ಲ, ಅಂದು ಬಾಗಿಲು ಎಳೆದುಕೊಂಡಿದ್ದರು.

ಆ ವರ್ಷ ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ರತ್ನ ಬಂದು ಕಲ್ಲಿನ ಪಕ್ಕ ಕೂತಳು. ಸೆರಗು ಸರಿಸಿ ಅಂದಳು:

"ಅಕ್ಕಾ, ಇಲ್ಲೊಂಚೂರು ಮುಟ್ಟಿ ನೋಡ್ತೀಯಾ?"

ಎಡಗಡೆಯ ಎದೆಯಲ್ಲಿ ಗಂಟು. ನೆಲ್ಲಿಕಾಯಷ್ಟಿತ್ತು. ನೋಯುವುದಿಲ್ಲ ಅಂದಳು. ನೋವಿಲ್ಲದ ಮೇಲೆ ಏನಿದ್ದೀತು ಅಂತ ನಾನೂ ಅಂದುಕೊಂಡೆ. ಅತ್ತೆ ಹರಳೆಲೆ ಬಿಸಿ ಮಾಡಿ ಕಟ್ಟಿದರು, ಅರಿಶಿನ ಸುಣ್ಣ ಕಲಸಿ ಹಚ್ಚಿದರು. ಒಂದು ಬೆಳೆ ಹುಳ ಗೂಡಿಗೆ ಹೋಗುವಷ್ಟರಲ್ಲಿ ಗಂಟು ಸೀಬೆಕಾಯಷ್ಟಾಯಿತು. ಮೇಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ರವಿಕೆಯ ಗುಂಡಿ ಹಾಕಲಾಗದೆ ಅವಳು ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದಳು. ಎಷ್ಟೊಂದು ಬೇಗ ಬೆಳೆಯಿತಲ್ಲ ಅಂತಲೇ ನನಗೆ ಭಯವಾಯಿತು.

ಕೋಲಾರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಎದೆಯ ಕ್ಯಾನ್ಸರ್ ಇದ್ದ ಹಾಗಿದೆ, ಕಾಯುವುದು ಬೇಡ, ಎದೆ ಪೂರ್ತಿ ತೆಗೆದುಬಿಡಬೇಕು ಅಂದರು. ಬೇರೆ ದಾರಿ ಇಲ್ಲವಾ ಅಂತ ನಾನು ಕೇಳಿದೆ. ರತ್ನ ಮಾತ್ರ ತಲೆ ತಗ್ಗಿಸಿಕೊಂಡು, "ತೆಗೀಲಿ ಬಿಡಕ್ಕ, ಯಾರಿಗೆ ಬೇಕಾಗ್ಯದೆ ಅದು" ಅಂದಳು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಆಪರೇಷನ್ನಿಗೆ ಸೋಮವಾರ ಗೊತ್ತಾಯಿತು. ಶಿವನ ವಾರ, ಒಳ್ಳೆಯದೇ ಅಂದುಕೊಂಡೆ. ಬೆಳಿಗ್ಗೆ ಏನೂ ತಿನ್ನಿಸದೆ ಕರೆತರಲು ಹೇಳಿದ್ದರು, ಹಾಗೇ ಕರೆತಂದೆವು. ಹಸಿರು ಬಟ್ಟೆ ಹಾಕಿ ಮಂಚದ ಮೇಲೆ ಮಲಗಿಸಿದ್ದರು. ಹಿಂದಿನ ದಿನ ತೆಗೆದುಕೊಂಡಿದ್ದ ರಕ್ತದ ರಿಪೋರ್ಟು ಬಂತು. ಒಳಗೆ ಹೋದ ನರ್ಸು ಹೊರಗೆ ಬಂದವಳು ಮತ್ತೆ ರತ್ನಾಳ ಹತ್ತಿರ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಬಟ್ಟೆ ಬದಲಾಯಿಸಿಕೊಳ್ಳಲು ಹೇಳಿ, ಇಲ್ಲಿ ಆಗಲ್ಲ ಅಂದಳು. ಯಾಕೆ ಅಂತ ನಮ್ಮ ಯಜಮಾನರು ಕೇಳಿದರು. ಜನ ಕೂತಿದ್ದ ಆ ಹಜಾರದಲ್ಲೇ ಹೇಳಿದಳು, ಪೇಷೆಂಟಿಗೆ ಎಚ್‌ಐವಿ ಇದೆ, ನಾವು ತಗೊಳ್ಳಲ್ಲ.

ಮೈದುನನಿಗೆ ಬಂದಿದ್ದದ್ದು ಏನು ಎಂದು ನನಗೆ ಆ ಹಜಾರದಲ್ಲಿ ತಿಳಿಯಿತು. ಅವನಿಗೆ ಅದು ಎಲ್ಲಿಂದ ಬಂತು ಎಂದು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಸತ್ತವನನ್ನು ಎಬ್ಬಿಸಿ ಕೇಳುವ ಹಾಗಿರಲಿಲ್ಲ. ಕೇಳಿದ್ದರೆ ಇವಳಿಗೇನು ಸಿಗುತ್ತಿತ್ತು?

ಬಸ್ಸಿನಲ್ಲಿ ವಾಪಸು ಬರುವಾಗ ರತ್ನ ಸೀಟಿನ ತುದಿಗೆ ಸರಿದು ಸರಿದು ಕಂಬಿಗೆ ಅಂಟಿಕೊಂಡು ಕೂತಳು. ನನಗೆ ತಾಗಬಾರದು ಅಂತ. ನಾನು ಅವಳ ಕೈ ಎಳೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ನನಗೇನು ಆಗ ಎಲ್ಲ ತಿಳಿದಿತ್ತು ಅಂತಲ್ಲ. ಟಿವಿಯಲ್ಲಿ ಮುಟ್ಟಿದರೆ ಬರುವುದಿಲ್ಲ ಅಂತ ತೋರಿಸುತ್ತಿದ್ದರು. ಅದನ್ನು ನಂಬಿದೆ, ಮಿಕ್ಕಿದ್ದನ್ನು ದೇವರಿಗೆ ಬಿಟ್ಟೆ.

ಅತ್ತೆಗೆ ಹೇಳದೆ ಇರುವ ಹಾಗಿರಲಿಲ್ಲ. ಯಜಮಾನರೇ ಹೇಳಿದರು. ಮಗ ಯಾವುದರಲ್ಲಿ ಹೋದ ಅಂತ ಅತ್ತೆಗೂ ಆಗಲೇ ತಿಳಿದದ್ದು. ಅವರದು ಆಂಧ್ರದ ಗಡಿಯ ಬೈರಕೂರು ಕಡೆಯ ತವರು, ದುಃಖ ಬಂದರೆ ಬಾಯಿಗೆ ತೆಲುಗೇ ಬರುವುದು. "ನಾ ಕೊಡುಕಾ, ನಾ ಕೊಡುಕಾ" ಎಂದು ಸತ್ತ ಮಗನನ್ನು ಕರೆಯುತ್ತಾ ಕಂಬಕ್ಕೆ ತಲೆ ಆನಿಸಿ ಕೂತರು. ಸಂಜೆ ಎದ್ದು ಹುಳದ ಮನೆಯ ಬಾಗಿಲಿಗೆ ಬಂದರು. ರತ್ನ ಕಾಲು ಅದ್ದಲು ಸೀರೆ ಎತ್ತಿ ನಿಂತಿದ್ದಳು.

"ನೀ ಒಳಗೆ ಹೋಗಬೇಡ. ಹುಳಕ್ಕೆ ಹತ್ತುತದೆ" ಅಂದರು ಅತ್ತೆ.

ಅಷ್ಟೇ ಅಂದದ್ದು. ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ರತ್ನ ಸೀರೆ ಕೆಳಗೆ ಬಿಟ್ಟು ದನದ ಕೊಟ್ಟಿಗೆಗೆ ಹೋಗಿ ಕೂತಳು. ಗ್ರಹಚಾರಕ್ಕೆ ಆ ವಾರವೇ ಹುಳಕ್ಕೆ ಹಾಲುತೊಂಡೆ ಬಿತ್ತು. ಹುಳ ಊದಿ, ಮೈಯಿಂದ ಹಾಲಿನಂಥ ನೀರು ಸೋರಿ ಸಾಯುವ ರೋಗ ಅದು. ಸೆಕೆ ಜಾಸ್ತಿಯಾದರೆ, ಸೊಪ್ಪು ಹಸಿಯಿದ್ದರೆ ಬರುವುದೇ. ಆದರೂ ಅತ್ತೆ ತಟ್ಟೆಗಟ್ಟಲೆ ಸತ್ತ ಹುಳ ಎತ್ತಿ ಗುಂಡಿಗೆ ಸುರಿಯುತ್ತಾ ಒಂದೇ ಮಾತು ಹೇಳಿದರು. ಅವಳ ಅಣ್ಣಂದಿರನ್ನ ಕರೆಸು, ಕಳಿಸಿಬಿಡೋಣ.

ಅಲ್ಲಿಗೆ ಕಳಿಸಿದರೆ ಅವಳು ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಣ್ಣಂದಿರಿಗೆ ಫೋನು ಮಾಡಿದ್ದಕ್ಕೆ ಅವರು ಒಂದು ಬುಟ್ಟಿ ಬಾದಾಮಿ ಮಾವು ಕಳಿಸಿದರು, ತಾವು ಬರಲಿಲ್ಲ. ಹಣ್ಣು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಯಜಮಾನರು ಹೆಚ್ಚು ಮಾತಾಡುವವರಲ್ಲ. ಆವತ್ತು ಮಾತ್ರ ಅಮ್ಮನಿಗೆ, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ಸಲ ತೋರಿಸಿ ಬರುತ್ತೇವೆ, ಆಮೇಲೆ ನೀನು ಹೇಳಿದ ಹಾಗೆ ಅಂದರು. ನಾನು ದೇವರ ಮುಂದೆ ದೀಪ ಹಚ್ಚಿ, ಇವಳನ್ನು ಕಳಿಸುವ ಹಾಗೆ ಮಾಡಬೇಡ ಅಂತ ಕೇಳಿಕೊಂಡೆ. ವಾಸಿ ಮಾಡು ಅಂತ ಕೇಳುವಷ್ಟು ಧೈರ್ಯ ಆಗ ಇರಲಿಲ್ಲ.

ಬೆಂಗಳೂರಿನಲ್ಲಿ ನಮಗೆ ಸಿಕ್ಕಿದ್ದು ಒಬ್ಬ ಲೇಡಿ ಡಾಕ್ಟರು. ನನ್ನ ತಂಗಿಯ ವಯಸ್ಸು ಇರಬಹುದು. ರಿಪೋರ್ಟು ನೋಡಿದರು, ರತ್ನಾಳ ಮುಖ ನೋಡಿದರು, ಆಮೇಲೆ ಬರಿಗೈಯಿಂದಲೇ ಅವಳ ಭುಜ ಹಿಡಿದು ಮಂಚದ ಮೇಲೆ ಕೂರಿಸಿದರು. ರತ್ನ ಆ ಕೈಯನ್ನೇ ನೋಡುತ್ತಿದ್ದಳು. ಗಂಟು ಇಷ್ಟು ಬೇಗ ಬೆಳೆದಿದೆ, ನೋವೂ ಇಲ್ಲ, ಈ ಇನ್ನೊಂದು ಕಾಯಿಲೆಯೂ ಇದೆ, ನನಗೆ ಬೇರೆ ಅನುಮಾನ ಇದೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಚಾಕು ಹಾಕಲ್ಲ ಅಂದರು. ಚೂರು ತೆಗೆದರು. ಆ ರಿಪೋರ್ಟು ಬಂದ ಮೇಲೆ ಅದೇ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದರು. ನಾವು ಎರಡು ಮೂರು ಸಲ ಓಡಾಡಿದೆವು. ಕಾಯುವುದು ರೋಗಕ್ಕಿಂತ ಕಷ್ಟ.

ಕೊನೆಗೆ ಕೂರಿಸಿಕೊಂಡು ಹೇಳಿದರು. ಇದು ಸಾಮಾನ್ಯವಾಗಿ ಹೆಂಗಸರಿಗೆ ಬರುವ ಎದೆಯ ಕ್ಯಾನ್ಸರ್ ಅಲ್ಲ. ಲಿಂಫೋಮ ಅಂತ. ಕತ್ತಿನಲ್ಲಿ, ಕಂಕುಳಲ್ಲಿ ಗಂಟು ಬರುವ ಜಾತಿಯದು. ಅದು ಎದೆಯಲ್ಲಿ ಬಂದು ಕೂತಿದೆ. ಹಾಗೆ ಕೂರುವುದು ಬಹಳ ಅಪರೂಪ. ಮೈಯಲ್ಲಿ ರೋಗ ತಡೆಯುವ ಶಕ್ತಿ ಕುಂದಿದವರಲ್ಲಿ ಈ ಜಾತಿಯದು ಹೆಚ್ಚು. ಎದೆ ತೆಗೆದರೆ ಇದು ಹೋಗುವುದಿಲ್ಲ, ತೆಗೆಯುವ ಅಗತ್ಯವೂ ಇಲ್ಲ. ಮೂರು ವಾರಕ್ಕೊಂದು ಸಲ ಡ್ರಿಪ್ಪಿನಲ್ಲಿ ಔಷಧಿ ಕೊಡಬೇಕು, ಆರು ಸಲ. ಜೊತೆಗೆ ಎಚ್‌ಐವಿಗೆ ದಿನಾ ಮಾತ್ರೆ, ಅದು ಬದುಕಿರುವವರೆಗೂ. ಆ ಮಾತ್ರೆ ಸರ್ಕಾರದಿಂದ ಬಿಟ್ಟಿಯಾಗಿ ಸಿಗುವುದು ಆಗ ಶುರುವಾಗಿತ್ತು. ಅದೊಂದು ಪುಣ್ಯ.

"ಉಳೀತೀನಾ ಡಾಕ್ಟ್ರೇ?" ಅಂದಳು ರತ್ನ.

"ಉಳಿಸೋಕೇ ನೋಡ್ತೀನಮ್ಮ. ಮಾತು ಕೊಡೋಕಾಗಲ್ಲ" ಅಂದರು ಅವರು. ಸುಳ್ಳು ಹೇಳಲಿಲ್ಲವಲ್ಲ ಅಂತ ನನಗೆ ಅವರ ಮೇಲೆ ನಂಬಿಕೆ ಬಂತು.

ಕೋಲಾರದಲ್ಲಿ ಆವತ್ತು ತಳ್ಳದೆ ಇದ್ದಿದ್ದರೆ ಸುಮ್ಮಸುಮ್ಮನೆ ಎದೆ ಕತ್ತರಿಸಿ ಹಾಕಿರುತ್ತಿದ್ದರು, ರೋಗ ಹಾಗೇ ಉಳಿಯುತ್ತಿತ್ತು. ದೇವರೇ ಅಡ್ಡ ಬಂದ ಅಂತ ನಮ್ಮ ಯಜಮಾನರು ಅಂದರು. ಇರಬಹುದು. ಆದರೆ ಅವರು ಒಳ್ಳೆಯದಾಗಲಿ ಅಂತ ತಳ್ಳಿದ್ದಲ್ಲ. ಒಳ್ಳೆಯದಾಯಿತು, ಅದು ದೇವರ ಲೆಕ್ಕ. ತಳ್ಳಿದ್ದು ಅವರ ಲೆಕ್ಕ. ನಾನು ಎರಡನ್ನೂ ಸೇರಿಸುವುದಿಲ್ಲ.

ಅಪರೂಪದ ಕಾಯಿಲೆ ಅಂತ ಓದುವ ಹುಡುಗ ಹುಡುಗಿಯರು ನೋಡಲು ಬಂದರು. ಡಾಕ್ಟರಮ್ಮ ಮೊದಲು ರತ್ನಾಳನ್ನು ಕೇಳಿ, ಅವಳು ಹೂಂ ಅಂದ ಮೇಲೆ ಹುಡುಗಿಯರನ್ನು ಮಾತ್ರ ಒಳಗೆ ಬಿಟ್ಟರು. ಅವರು ಹೋದ ಮೇಲೆ ರತ್ನ ಸೆರಗು ಸರಿ ಮಾಡಿಕೊಳ್ಳುತ್ತಾ, ಮದುವೇಲಿ ನನ್ನ ನೋಡೋಕೂ ಇಷ್ಟು ಜನ ಬಂದಿರಲಿಲ್ಲ ಕಣಕ್ಕ ಅಂದಳು. ಗಂಟು ಕಂಡ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹೊರಡುವ ಮುಂಚೆ ನನಗೆ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ನಾಚಿಕೆ ಬಿಟ್ಟು ಕೇಳಿದೆ, ಇವಳಿಂದ ನಮ್ಮ ರೇಷ್ಮೆಹುಳಕ್ಕೆ ಏನಾದರೂ ಹತ್ತುತ್ತದಾ ಅಂತ. ಡಾಕ್ಟರಮ್ಮ ನಗಲಿಲ್ಲ. ಹುಳ ಹೇಗೆ ಸಾಕುತ್ತೀರಿ, ಏನೇನು ಹಾಕುತ್ತೀರಿ ಅಂತ ಕೂತು ಕೇಳಿದರು. ಆಮೇಲೆ ಅಂದರು:

"ಇವರಿಂದ ಹುಳಕ್ಕೂ ಏನಾಗಲ್ಲ, ಜೊತೇಲಿರೋ ನಿಮಗೂ ಏನಾಗಲ್ಲ. ನಿಮ್ಮಿಂದ ಇವರಿಗೆ ಆಗಬಾರದು, ಅದನ್ನ ನೋಡ್ಕೊಳ್ಳಿ."

ಔಷಧಿ ಹೋದ ಮೇಲೆ ಮೈಯಲ್ಲಿ ತಡೆಯುವ ಶಕ್ತಿ ಪೂರ್ತಿ ಇಳಿದುಹೋಗುತ್ತದೆ, ನಮಗೆ ಸೀನಿನಲ್ಲಿ ಹೋಗುವುದು ಇವಳ ಪ್ರಾಣಕ್ಕೆ ಬರಬಹುದು. ಹುಳದ ಕಸದ ಧೂಳು, ಔಷಧಿ ಹೊಡೆದ ಕೋಣೆ ಇವಳಿಗೆ ಬೇಡ. ನೆಗಡಿ ಇದ್ದವರು ಹತ್ತಿರ ಬರಬಾರದು. ಕೈ ತೊಳೆಯದೆ ಮುಟ್ಟಬಾರದು. ಕಾಯಿಸಿದ ನೀರು, ಬಿಸಿ ಅನ್ನ. ಜ್ವರ ಬಂದರೆ ಒಂದು ಗಳಿಗೆಯೂ ತಡ ಮಾಡದೆ ಕರೆತರಬೇಕು.

ಮನೆಗೆ ಬಂದು ಅತ್ತೆಗೆ ಹೇಗೆ ಹೇಳಲಿ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಲಿಂಫೋಮ ಅಂದರೆ ಅವರಿಗೇನು ತಿಳಿಯುತ್ತದೆ, ನನಗೇ ಸರಿಯಾಗಿ ತಿಳಿದಿರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸುತ್ತಾ ಅಂದೆ:

"ಅತ್ತೆ, ಪೊರೆ ಬಿಡೋ ಹುಳ ಹೆಂಗಿರ್ತದೆ, ಹಂಗಿರ್ತಾಳಂತೆ ಇವಳು ಇನ್ನು ಮೇಲೆ. ನಮ್ಮಿಂದ ಅವಳಿಗೆ ಹತ್ತುತದಂತೆ. ಅವಳಿಂದ ನಮಗಲ್ಲ."

ಪೊರೆ ಬಿಡುವ ಹುಳ ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಅಲುಗದೆ ನಿಲ್ಲುತ್ತದೆ. ಆಗ ಅದಕ್ಕೆ ಗಾಳಿ ಬಡಿಯಬಾರದು, ಯಾರೂ ಮುಟ್ಟಬಾರದು. ಆಗ ಕೆಟ್ಟರೆ ಇಡೀ ಬೆಳೆ ಕೆಟ್ಟ ಹಾಗೆ. ಅದನ್ನು ಅತ್ತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕೈಯಲ್ಲಿದ್ದ ಕಾಯಿ ಬಿಡಿಸದೆ ಹಾಗೇ ಹಿಡಿದುಕೊಂಡರು. ಡಾಕ್ಟ್ರು ಹಂಗಂದ್ರಾ ಅಂತ ಕೇಳಿದರು. ಹಂಗೇ ಅಂದ್ರು ಅಂದೆ.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಬೀದಿ ಕಡೆಯ ಸಣ್ಣ ಕೋಣೆಯ ರಾಗಿ ಮೂಟೆಗಳನ್ನೆಲ್ಲ ಹೊರಗೆ ಎಳೆಸಿದ್ದರು. ಗೋಡೆಗೆ ಸುಣ್ಣ ಹೊಡೆದರು. ನೆಲಕ್ಕೆ ಬ್ಲೀಚಿಂಗ್ ನೀರು ಹಾಕಿ ಎರಡು ದಿನ ಬಾಗಿಲು ತೆಗೆದಿಟ್ಟು ಘಾಟು ಹೋಗಿಸಿದರು. ಕಿಟಕಿಗೆ ಹುಳದ ಮನೆಯ ಹೊಸ ಬಲೆ ಹೊಡೆಸಿದರು. ಹೊಸ್ತಿಲ ಹೊರಗೆ ಕಾಲು ಅದ್ದುವ ತಟ್ಟೆ, ಪಕ್ಕದಲ್ಲಿ ಸೋಪು, ಬಿಸಿನೀರಿನ ಚೊಂಬು. ಆಮೇಲೆ ಕೊಟ್ಟಿಗೆಗೆ ಹೋಗಿ ರತ್ನಾಳಿಗೆ, "ಏಳು, ಒಳಗೆ ಬಾ, ಹೊರಗೆ ಗಾಳಿ" ಅಂದರು. ಅವಳು ಗೊತ್ತಾಗದವಳ ಹಾಗೆ ನನ್ನ ಮುಖ ನೋಡಿದಳು.

ಹುಳ ಸಾಕಿದ ಕೈ ಅದು. ಅರ್ಧಕ್ಕೆ ಬಿಡುವ ಅಭ್ಯಾಸ ಅದಕ್ಕಿರಲಿಲ್ಲ. ನಮ್ಮ ಯಜಮಾನರು ಸಂಜೆ ಕೋಲಾರದಿಂದ ಬಂದರೆ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ಮಂಡಿ ಧೂಳೆಲ್ಲ ತೊಳ್ಕೊಂಡು ಬಾರೋ ಅನ್ನುತ್ತಿದ್ದರು. ನನಗೊಮ್ಮೆ ನೆಗಡಿಯಾಗಿ ವಾರವೆಲ್ಲ ಆ ಕೋಣೆಗೆ ಬಿಡಲಿಲ್ಲ. ಅಷ್ಟು ದಿನ ಗಂಜಿ ತಾವೇ ಕೊಟ್ಟರು. ಮಾತ್ರೆಯ ಹೊತ್ತಿಗೆ ಸರಿಯಾಗಿ ಹೋಗಿ ಬಾಗಿಲು ತಟ್ಟುತ್ತಿದ್ದರು. ಹುಳಕ್ಕೆ ಸೊಪ್ಪಿನ ಹೊತ್ತು ತಪ್ಪಿಸಿದ ಮನುಷ್ಯರಲ್ಲ, ಮಾತ್ರೆಯ ಹೊತ್ತು ತಪ್ಪಿಸುತ್ತಾರೆಯೇ? ಆ ತಿಂಗಳು ಚಾಕಿ ಹುಳ ತರುವ ದಿನ ಬಂದಾಗ ಮಾತ್ರ ನಾನು ಅಂದುಕೊಂಡಿರದ ಮಾತು ಹೇಳಿದರು.

"ಈ ಸಲ ಹುಳ ಬೇಡ. ಒಂದೇ ಮನೇಲಿ ಎರಡು ಮಡಿ ನನ್ ಕೈಲಾಗಲ್ಲ."

ಅವರು ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಹುಳ ನಿಂತದ್ದು ಅದೇ ಮೊದಲಂತೆ. ಹಿಪ್ಪುನೇರಳೆ ಸೊಪ್ಪನ್ನು ಪಕ್ಕದ ಊರಿನವರಿಗೆ ಮಾರಿದೆವು.

ಮೊದಲನೇ ಸಲದ ಔಷಧಿ ಕೆಂಪಗಿತ್ತು, ಹೋಳಿ ಬಣ್ಣದ ಹಾಗೆ. ಸಂಜೆ ರತ್ನ ಬಚ್ಚಲಿಂದ ಓಡಿ ಬಂದು, ಅಕ್ಕಾ, ಮೂತ್ರ ಕೆಂಪಗೆ ಹೋಗ್ತದೆ, ರಕ್ತ ಅಂದಳು. ಔಷಧಿಯ ಬಣ್ಣವೇ ಹಾಗೆ ಬರುತ್ತದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಭಯದಲ್ಲಿ ಇಬ್ಬರೂ ಮರೆತಿದ್ದೆವು. ನೆನಪಾದ ಮೇಲೆ ಬಚ್ಚಲ ಬಾಗಿಲಲ್ಲೇ ಕೂತು ಇಬ್ಬರೂ ಅತ್ತೆವು, ಆಮೇಲೆ ನಕ್ಕೆವು. ಅವಳಿಗೆ ಬಾಯಿ ಹುಣ್ಣಾಯಿತು, ನೀರು ಕುಡಿದರೂ ವಾಂತಿ. ರಾಗಿ ಅಂಬಲಿ ಮಾತ್ರ ನಿಲ್ಲುತ್ತಿತ್ತು. ಆದರೆ ಎರಡನೇ ಸಲ ಹೋಗುವಷ್ಟರಲ್ಲಿ ಗಂಟು ಅರ್ಧಕ್ಕಿಳಿದಿತ್ತು. ಕೈಯಿಟ್ಟು ನೋಡಿ ನಾನು ಏನೂ ಹೇಳಲಿಲ್ಲ. ದೃಷ್ಟಿಯಾಗುತ್ತದೆ ಅಂತ.

ಮೂರನೇ ಸಲದ ಔಷಧಿಯಾಗಿ ಬಂದ ಮೇಲೆ ಒಂದು ಮಧ್ಯಾಹ್ನ ರತ್ನಾಳ ಮೈ ಸುಡತೊಡಗಿತು. ಹೊರಗೆ ಜೋರು ಮಳೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತೆ ತಲೆಯ ಮೇಲೊಂದು ಗೋಣಿಚೀಲ ಹಾಕಿಕೊಂಡು ರಸ್ತೆಗೆ ಹೋಗಿ ನಿಂತವರು, ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಹೊತ್ತು ಹೋಗುತ್ತಿದ್ದ ಟೆಂಪೋಗೆ ಅಡ್ಡ ನಿಂತರು. ಅಷ್ಟರಲ್ಲಿ ನಾನೂ ರತ್ನಾಳನ್ನು ತಬ್ಬಿಕೊಂಡು ಅಲ್ಲಿಗೆ ಬಂದಿದ್ದೆ. ಡ್ರೈವರು, ಜಾಗ ಇಲ್ಲ ಕಣಜ್ಜಿ, ಮುಂದೆ ಕ್ರೇಟು ಇಟ್ಟಿದೀನಿ ಅಂದ. ಅತ್ತೆ ಆ ಕ್ರೇಟನ್ನು ತಾವೇ ಇಳಿಸಿ ರಸ್ತೆ ಬದಿಯಲ್ಲಿಟ್ಟು, ನಿನ್ ಹಣ್ಣು ನಾನು ಕಾಯ್ತೀನಿ, ನೀನು ನನ್ ಸೊಸೇನ ಕೂರಿಸ್ಕೊ ಅಂದರು. ಸೊಸೆ ಅಂದದ್ದನ್ನು ರತ್ನ ಆ ಜ್ವರದಲ್ಲೂ ಕೇಳಿಸಿಕೊಂಡಿದ್ದಳು. ಆಮೇಲೆ ಎಷ್ಟೋ ಸಲ ಹೇಳಿದಳು.

ಕೋಲಾರದಿಂದ ಕಾರು ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಅವಳ ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು. ನಾನು ಮಂತ್ರ ಗೊತ್ತಿದ್ದವಳಲ್ಲ, ಗೋವಿಂದ ಗೋವಿಂದ ಅಂತಲೇ ಇದ್ದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರಮ್ಮ ಹೇಳಲಿಲ್ಲ. ಬೇಗ ತಂದಿರಿ ಅಂತ ಮಾತ್ರ ಅಂದರು. ಕೆಲವು ದಿನ ಅವಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇದ್ದೆ. ಒಂದು ಬೆಳಿಗ್ಗೆ ಕಣ್ಣು ಬಿಟ್ಟು, ಅಕ್ಕಾ, ಆ ಟೊಮೆಟೊ ಕ್ರೇಟು ಏನಾಯ್ತು ಅಂದಳು. ಬದುಕುತ್ತಾಳೆ ಅಂತ ನನಗೆ ಆಗ ಅನ್ನಿಸಿತು.

ಅಷ್ಟರಲ್ಲಿ ಅವಳ ಕೂದಲು ಪೂರ್ತಿ ಹೋಗಿತ್ತು. ಊರಿಗೆ ಬಂದ ಮೇಲೆ ತಲೆಗೆ ಸೆರಗು ಹೊದ್ದುಕೊಂಡಿದ್ದರೂ ಗಾಳಿಗೆ ಒಂದು ಸಲ ಜಾರಿತು. ಎದುರು ಮನೆಯ ವೆಂಕಟಮ್ಮನಿಗೆ ಅಷ್ಟೇ ಸಾಕಾಗಿತ್ತು. ನಲ್ಲಿಯ ಹತ್ತಿರ ಎಲ್ಲರ ಮುಂದೆ, ಚಿಕ್ಕೋಳ ತಲೆ ಯಾಕೆ ಬೋಳು, ಏನು ಕಾಯಿಲೆ, ಅವಳ ಗಂಡನದೇನಾ ಅಂತ ಅತ್ತೆಯನ್ನು ಕೇಳಿದಳು. ನಾನೂ ಅಲ್ಲೇ ಕೊಡ ಹಿಡಿದು ನಿಂತಿದ್ದೆ. ಊರಿಗೆ ಗೊತ್ತಾದರೆ ನಲ್ಲಿಯ ನೀರು ಹಿಡಿಯಲೂ ಬಿಡುತ್ತಿರಲಿಲ್ಲ.

"ತಿರುಪತಿ ತಿಮ್ಮಪ್ಪನಿಗೆ ಮುಡಿ ಕೊಟ್ಟವಳೆ" ಅಂದರು ಅತ್ತೆ, ತಲೆ ಎತ್ತದೆ, ಕೊಡ ತೊಳೆಯುತ್ತಾ.

"ಯಾವಾಗ ಹೋಗಿದ್ರಿ? ನಮ್ಮನೆಗೆ ಲಡ್ಡು ಬರಲಿಲ್ಲ."

"ಖಾಲಿಯಾಗೋಯ್ತು."

ತಿರುಪತಿಯಿಂದ ಬಂದವರು ಬೀದಿಗೆಲ್ಲ ಪ್ರಸಾದ ಹಂಚದೆ ಇರುವುದುಂಟೇ? ಯಾರೂ ನಂಬಲಿಲ್ಲ. ಆದರೆ ದೇವರ ಹೆಸರು ಬಂದ ಮೇಲೆ ಮುಂದೆ ಕೇಳುವ ಹಾಗೂ ಇರಲಿಲ್ಲ. ಮನೆಗೆ ಬಂದ ಅತ್ತೆ ಆವತ್ತು ಊಟ ಮಾಡಲಿಲ್ಲ. ಯಾಕೆ ಅಂದರೆ, ಹಸಿವಿಲ್ಲ ಅಂದರು.

ದೀಪಾವಳಿಯ ಹೊತ್ತಿಗೆ ಆರೂ ಸಲದ್ದು ಮುಗಿಯಿತು. ಸ್ಕ್ಯಾನು ಮಾಡಿದರು. ಡಾಕ್ಟರಮ್ಮ ಕೈಯಿಟ್ಟು ನೋಡಿ, ಫಿಲಂ ಬೆಳಕಿಗೆ ಹಿಡಿದು ನೋಡಿ, "ಈಗ ಇಲ್ಲ" ಅಂದರು. ಮತ್ತೆ ಬರಬಹುದಾ ಅಂತ ಯಜಮಾನರು ಕೇಳಿದರು. ಬರಬಹುದು, ಬರದೆಯೂ ಇರಬಹುದು, ಮಾತ್ರೆ ತಪ್ಪಿಸಬೇಡಿ, ತೋರಿಸಿಕೊಳ್ಳುವುದು ನಿಲ್ಲಿಸಬೇಡಿ ಅಂದರು. ಈಗ ಇಲ್ಲ ಅನ್ನುವುದೇ ನಮಗೆ ಹಬ್ಬದೂಟವಾಗಿತ್ತು. ರತ್ನ ಅವರ ಕಾಲು ಮುಟ್ಟಲು ಹೋದಳು. ಅವರು ಎತ್ತಿ ಅಪ್ಪಿಕೊಂಡರು.

ಇದನ್ನೆಲ್ಲ ಬರೆಯಲಾ ಬೇಡವಾ ಅಂತ ಮೊನ್ನೆ ರತ್ನಾಳನ್ನೇ ಕೇಳಿದೆ. ಅವಳೀಗ ಮಾಲೂರಿನ ಕಡೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಮಾತ್ರೆ ಇವತ್ತಿಗೂ ನುಂಗುತ್ತಾಳೆ, ಆ ಗಂಟು ಮತ್ತೆ ಬಂದಿಲ್ಲ. ಫೋನಿನಲ್ಲೇ, ಬರೆಯಕ್ಕ, ನನ್ನ ಹೆಸರು, ಊರು ಬೇರೆ ಹಾಕು, ಅತ್ತೆಯ ತಿರುಪತಿ ವಿಷಯ ಮಾತ್ರ ಬಿಡಬೇಡ ಅಂದಳು. ಅದಕ್ಕೇ ಅದನ್ನೂ ಹೇಳಿ ಮುಗಿಸುತ್ತೇನೆ.

ಸ್ಕ್ಯಾನು ಮುಗಿಸಿಕೊಂಡು ಬಂದ ವಾರವೇ ಅತ್ತೆ ನನ್ನನ್ನು ಹೊರಡಿಸಿದರು. ಮುಳಬಾಗಿಲಿನಲ್ಲಿ ಬಸ್ಸು ಹಿಡಿದು ತಿರುಪತಿ ಬೆಟ್ಟಕ್ಕೆ ಹೋದೆವು. ಯಾವ ಹರಕೆ ಅಂತ ದಾರಿಯಲ್ಲಿ ಕೇಳಿದರೆ ಹೇಳಲಿಲ್ಲ. ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಡುವವರ ಸಾಲಿನಲ್ಲಿ ಹೋಗಿ ನಿಂತರು. ಹೆಂಗಸರು ಮೂರು ಕತ್ತರಿಯಷ್ಟು ಕೂದಲು ಕೊಟ್ಟರೂ ಸಾಕು ಅತ್ತೆ ಅಂದೆ. ಆ ವಯಸ್ಸಿನಲ್ಲೂ ಅವರದು ಸೊಂಟ ಮುಟ್ಟುವ ಜಡೆ, ಊರಿನಲ್ಲೆಲ್ಲ ಹೆಸರಾದ ಕೂದಲು.

"ಸ್ವಾಮಿ ಹೆಸರಲ್ಲಿ ಸುಳ್ಳಾಡಿದೀನಿ ಕಣೇ" ಅಂದರು. "ಆ ಮುಡಿ ಅವನಿಗೆ ಇನ್ನೂ ಸಂದಿಲ್ಲ. ಅವಳ ತಲೇಲಿ ಕೊಡೋಕೆ ಏನಿತ್ತು? ನಂದೇ ಕೊಡ್ತೀನಿ."

ಪೂರ್ತಿ ಕೊಟ್ಟರು. ಲಡ್ಡು ತಂದು ಬೀದಿಗೆಲ್ಲ ಹಂಚಿದರು. ಮೊದಲನೆಯದನ್ನು ವೆಂಕಟಮ್ಮನ ಕೈಗೇ ಕೊಟ್ಟು, ಇಬ್ಬರದೂ ಸೇರಿ ಒಂದೇ ಪ್ರಸಾದ, ತಿನ್ನು ಅಂದರು. ಅವಳು ಆ ಬೋಳು ತಲೆಯನ್ನು ನೋಡಿ, ಲಡ್ಡು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದರೆ ರತ್ನ ಬಾಗಿಲಲ್ಲಿ ನಿಂತಿದ್ದಳು. ಅವಳ ತಲೆಯಲ್ಲಿ ಆಗ ಬೆರಳಿಗೆ ಸಿಗದಷ್ಟು ಮೃದುವಾದ ಕೂದಲು ಚಿಗುರುತ್ತಿತ್ತು. ಅತ್ತೆಯನ್ನು ನೋಡಿದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅತ್ತೆ ಜಗಲಿಯ ಮೇಲೆ ಕೂತು, ಬೆಟ್ಟದಿಂದ ತಂದ ಗಂಧದ ಪೊಟ್ಟಣ ಅವಳ ಕಡೆ ಚಾಚಿ, ಕ್ಷೌರದ ಕತ್ತಿ ಉರಿತದೆ ಅಂದರು. ರತ್ನ ಗಂಧ ಕಲಸಿಕೊಂಡು ಬಂದು ಮುಟ್ಟಲಾ ಬೇಡವಾ ಅನ್ನುವ ಹಾಗೆ ನಿಂತಳು. ಅತ್ತೆ ಅವಳ ಮುಂದೆ ತಲೆ ಬಗ್ಗಿಸಿದರು.